ಎರಡನೆಯ ಮೆಟ್ಟಿಲು: ಬೆಂಗಳೂರು ದಂಡುಪ್ರದೇಶದಲ್ಲಿ ಸೂಕ್ಷ್ಮ ಅರ್ಥಶಾಸ್ತ್ರದ ಅಧ್ಯಯನ

1881ರಲ್ಲಿ ಬ್ರಿಟಿಷರು ಮೈಸೂರು ಸಂಸ್ಥಾನದ ಆಡಳಿತವನ್ನು ಒಡೆಯರ ಮನೆತನಕ್ಕೆ ಹಿಂದಿರುಗಿಸಿದರು. ಆದರೆ 1809ರಲ್ಲಿ ಸ್ಥಾಪಿತವಾಗಿದ್ದ ಬೆಂಗಳೂರಿನ ದಂಡುಪ್ರದೇಶವನ್ನು ತಮ್ಮಲ್ಲಿಯೇ ಉಳಿಸಿಕೊಂಡರು. ಅದೇ ವರ್ಷ ಎಡ್ಜ್‌ವರ್ತ್ ಅವರು ತಮ್ಮ ಗ್ರಂಥದಲ್ಲಿ ಔದಾಸೀನ್ಯ ವಕ್ರರೇಖೆಯ ಕಲ್ಪನೆಯನ್ನು ಮಂಡಿಸಿದರು. ಈ ಎರಡು ಘಟನೆಗಳಿಗೆ ಪರಸ್ಪರ ಸಂಬಂಧವಿಲ್ಲ. ಆದರೆ ಆ ವಕ್ರರೇಖೆಯನ್ನು ಮುಂದೆ ದಂಡಿನ ವಿದ್ಯಾರ್ಥಿಯು ಯಾವ ವಿಶ್ವವಿದ್ಯಾನಿಲಯದ ಪಠ್ಯಕ್ರಮದಲ್ಲಿ, ಯಾವ ಭಾಷೆಯಲ್ಲಿ ಕಲಿಯಬೇಕೆಂಬುದನ್ನು ನಿರ್ಧರಿಸುವಲ್ಲಿ ಆಡಳಿತದ ಗಡಿಗಳು ದೊಡ್ಡ ಪಾತ್ರ ವಹಿಸಿದವು. ಆ ಪಾತ್ರವನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

1882ರಲ್ಲಿ ಆರಂಭವಾದ ಸೇಂಟ್ ಜೋಸೆಫ್ ಸಂಸ್ಥೆಯ ಕಾಲೇಜು ಮೊದಲಿಗೆ ಮದ್ರಾಸು ವಿಶ್ವವಿದ್ಯಾನಿಲಯಕ್ಕೆ ಸೇರಿತ್ತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಸೆಂಟ್ರಲ್ ಕಾಲೇಜು ಅದರ ಅಂಗವಾಯಿತು. ಹೀಗೆ ಒಂದೇ ಊರಿನಲ್ಲಿ ಎರಡು ವಿಶ್ವವಿದ್ಯಾನಿಲಯಗಳ ಪಠ್ಯಕ್ರಮಗಳು ನಡೆದವು. ಸಂಸ್ಥಾನದ ಕಡೆ ಸೆಂಟ್ರಲ್ ಕಾಲೇಜು ಪ್ರಧಾನವಾಗಿ ವಿಜ್ಞಾನಕ್ಕೂ ಮೈಸೂರಿನ ಮಹಾರಾಜಾ ಕಾಲೇಜು ಮಾನವಿಕ ವಿಷಯಗಳಿಗೂ ಮೀಸಲಾದವು. ಕೇಂಬ್ರಿಜ್‌ನಲ್ಲಿ ವ್ಯಾಸಂಗ ಮಾಡಿದ ಎನ್. ಎಸ್. ಸುಬ್ಬರಾವ್ ಅವರು ಅರ್ಥಶಾಸ್ತ್ರವನ್ನು ಬೋಧಿಸಿದ್ದು ಮೈಸೂರಿನಲ್ಲಿ. 1947ರಲ್ಲಿ ದಂಡುಪ್ರದೇಶವು ಸಂಸ್ಥಾನಕ್ಕೆ ಮರಳಿತು. 1948ರಲ್ಲಿ ಮೌಂಟ್ ಕಾರ್ಮೆಲ್ ಕಾಲೇಜು ಬೆಂಗಳೂರಿಗೆ ಬಂದಿತು. 1964ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿ ಪೇಟೆಯ ಮತ್ತು ದಂಡಿನ ಕಾಲೇಜುಗಳೆರಡೂ ಒಂದೇ ಪಠ್ಯಕ್ರಮದಡಿ ಬಂದವು.

ಇಲ್ಲಿ ‘ಎರಡನೆಯ ಮೆಟ್ಟಿಲು’ ಎಂಬ ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ಹಳೆಯ ಇಂಟರ್‌ಮೀಡಿಯೆಟ್ ತರಗತಿಗೂ ಇದಕ್ಕೂ ಸಂಬಂಧವಿಲ್ಲ. ಬೇಡಿಕೆ, ಪೂರೈಕೆ, ಸೀಮಾಂತ ತುಷ್ಟಿಗುಣಗಳ ಪ್ರಾಥಮಿಕ ಪರಿಚಯವಾದ ಬಳಿಕ ಅವುಗಳ ಹಿಂದಿನ ತರ್ಕವನ್ನು ಕಲಿಯುವ ಹಂತವಿದು. ಮಾರ್ಷಲ್ ಅವರ 1890ರ ಗ್ರಂಥ ತುಷ್ಟಿಗುಣವನ್ನು ಅಳೆಯಬಹುದೆಂಬ ಆಧಾರದ ಮೇಲೆ ನಿಂತಿತ್ತು. 1934ರಲ್ಲಿ ಹಿಕ್ಸ್ ಮತ್ತು ಅಲೆನ್ ಅವರು ಅಳತೆಯನ್ನು ಕೈಬಿಟ್ಟು ಆಯ್ಕೆಯ ಕ್ರಮವೊಂದೇ ಸಾಕೆಂದು ತೋರಿಸಿದರು. ಉದಾಹರಣೆಗೆ, ಶಿವಾಜಿನಗರದ ರಸೆಲ್ ಮಾರುಕಟ್ಟೆಗೆ 200 ರೂಪಾಯಿಗಳೊಡನೆ ಬಂದ ಗೃಹಿಣಿಯೊಬ್ಬಳನ್ನು ಕಲ್ಪಿಸಿಕೊಳ್ಳೋಣ. ಈರುಳ್ಳಿ ಕಿಲೋಗೆ 40, ಟೊಮೆಟೊ 20 ರೂಪಾಯಿ ಇದ್ದರೆ, ಒಂದು ಕಿಲೋ ಈರುಳ್ಳಿಗಾಗಿ ಮಾರುಕಟ್ಟೆ ಆಕೆಯಿಂದ ಎರಡು ಕಿಲೋ ಟೊಮೆಟೊ ಬಿಡಿಸುತ್ತದೆ. ಆಕೆ ಮೂರು ಕಿಲೋ ಬಿಡಲು ಸಿದ್ಧಳಿದ್ದರೆ ಇನ್ನಷ್ಟು ಈರುಳ್ಳಿ ಕೊಳ್ಳುವುದು ಲಾಭಕರ. ಕೊಳ್ಳುತ್ತಾ ಹೋದಂತೆ ಈರುಳ್ಳಿಯ ಮೇಲಿನ ಆಸೆ ಇಳಿದು, ಅವಳ ಮನಸ್ಸಿನ ದರ ಮಾರುಕಟ್ಟೆಯ ದರಕ್ಕೆ ಸಮನಾದಲ್ಲಿ ಕೈ ನಿಲ್ಲುತ್ತದೆ. ಆಕೆಯ ತೃಪ್ತಿ ಎಷ್ಟೆಂದು ಯಾರೂ ಅಳೆಯಬೇಕಾಗಿಲ್ಲ.

ಈ ಹಂತದ ಪ್ರಯೋಜನವನ್ನು ತೋರಿಸುವ ಇನ್ನೊಂದು ನಿದರ್ಶನ ಕೆ. ಆರ್. ಪುರದ ಬಳಿಯೇ ಇದೆ. 1948ರಲ್ಲಿ ಸ್ಥಾಪನೆಯಾದ ದೂರವಾಣಿನಗರದ ಐಟಿಐ ಕಾರ್ಖಾನೆಯ ದೂರವಾಣಿ ಉಪಕರಣಗಳಿಗೆ ದಶಕಗಳ ಕಾಲ ಅಂಚೆ ಮತ್ತು ತಂತಿ ಇಲಾಖೆಯೇ ಮುಖ್ಯ ಗ್ರಾಹಕ. ಹೆಚ್ಚುಕಡಿಮೆ ಒಬ್ಬನೇ ಮಾರುವವ, ಒಬ್ಬನೇ ಕೊಳ್ಳುವವ. ಮೊದಲ ಮೆಟ್ಟಿಲಿನ ಬೇಡಿಕೆ-ಪೂರೈಕೆ ರೇಖೆಗಳು ಇಂತಹ ಕಡೆ ಬೆಲೆಯನ್ನು ಹೇಳಲಾರವು. ದ್ವಿಪಕ್ಷೀಯ ಏಕಸ್ವಾಮ್ಯದಲ್ಲಿ ಬೆಲೆಯ ಎಲ್ಲೆಗಳನ್ನಷ್ಟೇ ಸಿದ್ಧಾಂತ ನಿರ್ಧರಿಸುತ್ತದೆ, ಉಳಿದದ್ದು ಉಭಯ ಪಕ್ಷಗಳ ಚೌಕಾಸಿಗೆ ಬಿಟ್ಟದ್ದು ಎಂಬುದು ಎಡ್ಜ್‌ವರ್ತ್ ಅವರ ತೀರ್ಮಾನ. ತನ್ನ ಬಡಾವಣೆಯ ಕಾರ್ಖಾನೆಯನ್ನು ಅರ್ಥಮಾಡಿಕೊಳ್ಳಲು ವಿದ್ಯಾರ್ಥಿಗೆ ಎರಡನೆಯ ಮೆಟ್ಟಿಲೇ ಬೇಕಾಗುತ್ತದೆ.

ಆದರೆ ಆ ಮೆಟ್ಟಿಲನ್ನು ಏರಿದವರು ಯಾರು? 1968ರ ರಾಷ್ಟ್ರೀಯ ಶಿಕ್ಷಣ ನೀತಿಯು ಉನ್ನತ ಶಿಕ್ಷಣದಲ್ಲಿ ಪ್ರಾದೇಶಿಕ ಭಾಷೆಗಳಿಗೆ ಒತ್ತು ನೀಡಿದ ಮೇಲೆ ಕನ್ನಡದಲ್ಲಿ ಅರ್ಥಶಾಸ್ತ್ರದ ಪರಿಭಾಷೆ ಬೆಳೆಯಿತು. ತುಷ್ಟಿಗುಣ, ಅನುಭೋಗಿ, ಸ್ಥಿತಿಸ್ಥಾಪಕತ್ವ ಮುಂತಾದ ಪದಗಳು ತರಗತಿಗಳಲ್ಲಿ ನೆಲೆಗೊಂಡವು. ದಂಡಿನಲ್ಲಿ ಸಮಸ್ಯೆ ಇಷ್ಟಕ್ಕೆ ಮುಗಿಯಲಿಲ್ಲ. ತುಷ್ಟಿಗುಣವೆಂಬುದು ಶಿವಾಜಿನಗರದ ಉರ್ದು ಮನೆಮಾತಿನವರಿಗೆ ‘ಇಫಾದಾ’, ಹಲಸೂರಿನ ತಮಿಳು ಮನೆಮಾತಿನವರಿಗೆ ‘ಪಯನ್‌ಪಾಡು’. ಇವರಿಗೆ ಕನ್ನಡದ ಪಾರಿಭಾಷಿಕ ಪದವೂ ಇಂಗ್ಲಿಷಿನ ಪದದಷ್ಟೇ ಹೊಸದು.

ಭಾಷೆಗಿಂತ ಹೆಚ್ಚು ಮರೆಯಲ್ಲಿ ಉಳಿದ ತಡೆ ಗಣಿತ. ಪದವಿಪೂರ್ವ ಹಂತದಲ್ಲಿ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರಗಳ ಗುಂಪನ್ನು ಆಯ್ದವರು ಹತ್ತನೆಯ ತರಗತಿಯ ನಂತರ ಗಣಿತದ ಮುಖ ನೋಡಿರುವುದಿಲ್ಲ. ಎರಡನೆಯ ಮೆಟ್ಟಿಲಾದರೋ ಅವಕಲನದ ಮೇಲೆ ನಿಂತಿದೆ. 2021ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಪಠ್ಯಕ್ರಮದಲ್ಲಿ ಮೊದಲ ವರ್ಷ ಮೂಲ ಅರ್ಥಶಾಸ್ತ್ರವನ್ನಿರಿಸಿ, ಮೂರನೆಯ ಸೆಮಿಸ್ಟರ್‌ನಲ್ಲಿ ಸೂಕ್ಷ್ಮ ಅರ್ಥಶಾಸ್ತ್ರದ ಜೊತೆಗೆ ಅರ್ಥಶಾಸ್ತ್ರಕ್ಕೆ ಬೇಕಾದ ಗಣಿತವನ್ನೂ ಸೇರಿಸಲಾಯಿತು. ಆ ಪದವಿ ವ್ಯವಸ್ಥೆಯಿಂದ ರಾಜ್ಯವು 2024ರಲ್ಲಿ ಹಿಂದೆ ಸರಿದರೂ ಈ ಜೋಡಣೆಯ ಔಚಿತ್ಯ ಅಳಿಯುವಂಥದಲ್ಲ.

2017ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯವು ವಿಭಜನೆಗೊಂಡು, ಕೆ. ಆರ್. ಪುರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜು ಬೆಂಗಳೂರು ಉತ್ತರ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಸೇರಿತು. 2022ರಲ್ಲಿ ಸೇಂಟ್ ಜೋಸೆಫ್ ತಾನೇ ವಿಶ್ವವಿದ್ಯಾನಿಲಯವಾಯಿತು. ಒಂದೇ ಊರಿನಲ್ಲಿ ಹಲವು ಪಠ್ಯಕ್ರಮಗಳ ಹಳೆಯ ಸ್ಥಿತಿ ಹೊಸ ರೂಪದಲ್ಲಿ ಮರಳಿದೆ. ವಿ. ಕೆ. ಆರ್. ವಿ. ರಾವ್ ಅವರು 1972ರಲ್ಲಿ ಸ್ಥಾಪಿಸಿದ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನಾ ಸಂಸ್ಥೆಯಂತಹ ಸಂಶೋಧನಾ ಕೇಂದ್ರ ಈ ನಗರದಲ್ಲಿಯೇ ಇದೆ. ಮೊದಲ ಮೆಟ್ಟಿಲಿನ ಕನ್ನಡ ಪಠ್ಯಗಳೂ ಇವೆ. ಇವೆರಡರ ನಡುವಿನ ಮೆಟ್ಟಿಲು ಇಂಗ್ಲಿಷ್ ಮತ್ತು ಗಣಿತ ಎರಡನ್ನೂ ಮೊದಲೇ ಪಡೆದು ಬಂದವರಿಗೆ ಮಾತ್ರ ಸುಲಭವಾಗಿ ಎಟುಕುತ್ತದೆ. ಗಣಿತವನ್ನು ಬಿಟ್ಟುಬಿಡದೆ, ಅದನ್ನು ತನ್ನೊಳಗೇ ಮೊದಲಿನಿಂದ ಕಲಿಸುತ್ತಾ ಸಾಗುವ ಕನ್ನಡ ಪಠ್ಯಗಳ ರಚನೆಯೇ ಈ ಚರಿತ್ರೆ ನಮ್ಮ ಮುಂದಿಡುವ ಕರ್ತವ್ಯವಾಗಿದೆ.