ಮಹಾಮಾರಿಯೂ ಹೊಲದ ಬೀಡೂ

ಕ್ರಿ. ಶ. 1686ನೆಯ ಇಸವಿಯ ಸಪ್ಟಂಬರದಲ್ಲಿ ಸಿಕಂದರ ಆದಿಲಶಹನು ಔರಂಗಜೇಬನಿಗೆ ಶರಣಾಗತನಾಗಲು, ವಿಜಯಪುರದ ಸುಮಾರು ಇನ್ನೂರು ವರುಷಗಳ ರಾಜ್ಯವು ಮುಗಿಯಿತು. ಆಮೇಲೆ ಎರಡು ವರುಷಗಳು ಕಳೆಯುವಷ್ಟರಲ್ಲಿ, ಗೆದ್ದವರ ದಂಡಿನೊಳಗೆ ಬೇರೊಬ್ಬ ವೈರಿಯು ಹೊಕ್ಕನು. ಕಂಕುಳಲ್ಲಿಯೂ ತೊಡೆಯ ಸಂದಿನಲ್ಲಿಯೂ ಗಡ್ಡೆ ಏಳುವದು, ಉರಿಜ್ವರ ಬರುವದು, ಎಚ್ಚರ ತಪ್ಪುವದು, ಕೆಲವೇ ದಿನಗಳಲ್ಲಿ ಪ್ರಾಣ ಹೋಗುವದು. ಪಾದಶಹನ ಅರಸಿಯಾದ ಔರಂಗಾಬಾದೀ ಮಹಲಳು 1688ರಲ್ಲಿ ಇದೇ ಬೇನೆಗೆ ತುತ್ತಾದಳು. ಸೇನಾಪತಿ ಫಿರೋಜಜಂಗನು, ಎಂದರೆ ಹೈದರಾಬಾದಿನ ಮೊದಲನೆಯ ನಿಜಾಮನ ತಂದೆಯು, ಜೀವದಿಂದ ಉಳಿದರೂ ಕಣ್ಣುಗಳನ್ನು ಕಳೆದುಕೊಂಡನು. ಕಡೆಗೆ ಪಾದಶಹನು ದಂಡು ಕಟ್ಟಿಕೊಂಡು ನಗರವನ್ನು ಬಿಟ್ಟು ನಡೆದನು. ದಂಡಿಗೆ ಹೋಗಲು ನೂರು ಊರುಗಳಿದ್ದವು. ಒಕ್ಕಲಿಗನಿಗೆ ಇದ್ದದ್ದು ತನ್ನ ಹೊಲವೊಂದೇ.

ಆ ಗಡ್ಡೆಯ ಬೇನೆಯೇ ಇನ್ನೂರು ವರುಷಗಳ ಮೇಲೆ ಪ್ಲೇಗೆಂಬ ಹೆಸರಿನಿಂದ ತಿರುಗಿ ಬಂದಿತು. 1894ರಲ್ಲಿ ಹಾಂಗಕಾಂಗದಲ್ಲಿ ಹಬ್ಬಿದ ಈ ಮಹಾಮಾರಿಯು 1896ರ ಸಪ್ಟಂಬರದಲ್ಲಿ ಮುಂಬಯಿಯ ಮಾಂಡವಿಯ ಓಣಿಗಳಲ್ಲಿ ಕಂಡುಬಂದಿತು. ಮುಂದಿನ ಮೂರು ದಶಕಗಳಲ್ಲಿ ಹಿಂದುಸ್ಥಾನದಲ್ಲಿ ಇದರಿಂದ ಸತ್ತವರ ಸಂಖ್ಯೆಯು 1 ಕೋಟಿಯನ್ನು ಮೀರಿತು. ವಿಜಾಪುರ ಜಿಲ್ಲೆಯು ಆಗ ಮುಂಬಯಿ ಇಲಾಖೆಗೆ ಸೇರಿತ್ತು. ಹೊಟಗಿಯಿಂದ ಗದಗಕ್ಕೆ ಹೋಗುವ ರೈಲುಮಾರ್ಗವು ಹಿಂದಿನ ದಶಕದಲ್ಲಿಯೇ ನಗರವನ್ನು ಮುಟ್ಟಿತ್ತು. ಕಾಳಿನ ಚೀಲಗಳೊಡನೆ ಇಲಿಯೂ ಪ್ರವಾಸ ಮಾಡಿತು.

ಸರಕಾರವು 1897ರಲ್ಲಿ ಸಾಂಕ್ರಾಮಿಕ ರೋಗಗಳ ಕಾಯದೆಯನ್ನು ಮಾಡಿ, ಮನೆಗಳನ್ನು ಶೋಧಿಸುವ, ರೋಗಿಗಳನ್ನು ಎತ್ತಿಕೊಂಡು ಹೋಗುವ, ಜಾತ್ರೆಗಳನ್ನು ನಿಲ್ಲಿಸುವ ಅಧಿಕಾರವನ್ನು ಪಡೆಯಿತು. ಪುಣೆಯಲ್ಲಿ ಸೋಲ್ಜರರು ಒಳಮನೆಗಳನ್ನೂ ದೇವರ ಕೋಣೆಗಳನ್ನೂ ಹೊಕ್ಕ ರೀತಿಗೆ ಜನರು ಕೆರಳಿದರು. ಆ ವರುಷದ ಜೂನದಲ್ಲಿ ರ‍್ಯಾಂಡ ಸಾಹೇಬನ ಮೇಲೆ ಗುಂಡು ಹಾರಿತು. ಹಾಫಕಿನ್ ಎಂಬ ಪಂಡಿತನು 1897ರ ಜನವರಿಯಲ್ಲಿ ಪ್ಲೇಗಿನ ಸೂಜಿಯನ್ನು ಮೊದಲು ತನ್ನ ಮೈಗೇ ಚುಚ್ಚಿಕೊಂಡು ನೋಡಿದನು. ಮರುವರುಷ ಹುಬ್ಬಳ್ಳಿಯಲ್ಲಿ ಸಾವಿರಾರು ಜನರು ಅದನ್ನು ಹಾಕಿಸಿಕೊಂಡರು. ಆದರೆ 1902ರಲ್ಲಿ ಪಂಜಾಬದ ಮುಲಕೋವಾಲದಲ್ಲಿ ಒಂದು ಸೀಸೆಯ ಔಷಧವು ಕೆಟ್ಟು 19 ಜನರು ಧನುರ್ವಾಯುವಿನಿಂದ ಸತ್ತ ವಾರ್ತೆಯು ಹಬ್ಬಲು, ಸೂಜಿಯ ಭಯವು ರೋಗದ ಭಯಕ್ಕೆ ಸರಿಸಮವಾಯಿತು. ಇಂಥ ಕಾಲದಲ್ಲಿ ಜನರು ರೋಗಿಯನ್ನು ಅಟ್ಟದ ಮೇಲೆ ಬಚ್ಚಿಟ್ಟರೆ ಅವರನ್ನು ಮೂಢರೆನ್ನುವದು ಸುಲಭ. ಅವರ ಪಡಸಾಲೆಯಲ್ಲಿ ನಿಂತು ನೋಡಿದರೆ ಆ ಮಾತು ಬಾಯಿಗೆ ಬರಲಾರದು.

ವಿಜಯಪುರದಿಂದ ಪಡುವಲಿಗೆ ತೊರವಿಯನ್ನು ದಾಟಿ ಟಿಕೋಟೆಗೂ, ತೆಂಕಲಿಗೆ ಡೋಣಿಯನ್ನು ದಾಟಿ ಬಬಲೇಶ್ವರಕ್ಕೂ ಹೋಗುವ ಸೀಮೆಯು ಎರೆಹೊಲದ ನಾಡು. ಇಲ್ಲಿಯ ಹಳೆಯ ಮನೆಗಳು ಮಣ್ಣಿನ ಮಾಳಿಗೆಯವು. ಗೋಡೆಗಳು ದಪ್ಪ, ಕಿಟಕಿಗಳು ಅಪರೂಪ. ಬೆಳಕಿಂಡಿಯೊಂದರಿಂದ ಬಿದ್ದಷ್ಟೇ ಬಿಸಿಲು. ಒಂದೇ ಸೂರಿನಡಿಯಲ್ಲಿ ದನಗಳು, ಜೋಳದ ಚೀಲಗಳು, ಮಕ್ಕಳು ಮರಿಗಳು. ಹೊರಗೆ ನೆಲದೊಳಗೆ ಹಗೇವು. ಬೇಸಿಗೆಗೆ ತಂಪಾದ ಈ ಮನೆಯು ಇಲಿಗೂ ಸುಖದ ಬೀಡೇ ಆಗಿತ್ತು. ಪ್ಲೇಗು ಮೊದಲು ಇಲಿಗಳ ರೋಗ. ಇಲಿಯು ಸತ್ತು ಮೈ ತಣ್ಣಗಾದೊಡನೆ ಅದರ ಮೈಮೇಲಿನ ಚಿಗಟಗಳು ಬೇರೆ ಬಿಸಿರಕ್ತವನ್ನು ಹುಡುಕಿಕೊಂಡು ಮನುಷ್ಯನನ್ನು ಕಚ್ಚುವವು. ಈ ಸಂಗತಿಯನ್ನು ಸಿಮೊಂಡ ಎಂಬ ಫ್ರೆಂಚ ವೈದ್ಯನು 1898ರಲ್ಲಿ ಕರಾಚಿಯಲ್ಲಿ ತೋರಿಸಿಕೊಟ್ಟನು; ವಿದ್ವಾಂಸರು ಅದನ್ನು ಒಪ್ಪಲು ಮತ್ತೆ ಹಲವು ವರುಷಗಳು ಹಿಡಿದವು. ಹಳ್ಳಿಯವರಿಗೆ ಚಿಗಟದ ಸುದ್ದಿ ತಿಳಿದಿರಲಿಲ್ಲ. ಇಲಿ ಬಿದ್ದರೆ ಊರು ಬಿಡಬೇಕೆಂಬುದು ಮಾತ್ರ ತಿಳಿದಿತ್ತು. ಮಾಳಿಗೆಯಿಂದ ಇಲಿಯು ತಿರುಗಿ ಬಿದ್ದು ಸತ್ತಿತೆಂದರೆ, ಬಂಡಿ ಹೂಡಿ, ರೊಟ್ಟಿಯ ಹಂಚು, ಹಾಸಿಗೆ, ಬೀಸುಕಲ್ಲುಗಳನ್ನು ಹೇರಿಕೊಂಡು ಹೊಲಕ್ಕೆ ನಡೆಯುವದು. ಕಣಿಕೆಯ ಗುಡಿಸಲುಗಳನ್ನು ಒಂದಕ್ಕೊಂದು ದೂರವಾಗಿ ಹಾಕುವದು. ಬೇಗನೆ ಹೊರಬಿದ್ದವರು ಬಹುಮಟ್ಟಿಗೆ ಉಳಿದರು. ಪರವೂರಿನ ನಂಟರ ಮನೆಗೆ ಓಡಿದವರು ಎಷ್ಟೋ ಸಲ ಬೇನೆಯನ್ನು ಗಂಟಿನೊಳಗೆ ಕಟ್ಟಿಕೊಂಡು ಹೋಗಿ ಅಲ್ಲಿಯೂ ಬಿತ್ತಿದರು. ಒಂದೇ ಭಯದಿಂದ ಹುಟ್ಟಿದ ಈ ಎರಡು ನಡೆಗಳಲ್ಲಿ ಇಷ್ಟು ಅಂತರವುಂಟು.

ಆದರೆ ಮನೆ ಬಿಡುವದು ಬರಿಯ ಗೋಡೆ ಬಿಡುವದಾಗಿರಲಿಲ್ಲ. ಹಿರಿಯರು ಹಚ್ಚಿದ ದೀಪವು ಆರುವದು, ಊರದೇವತೆಯು ಮುನಿದಾಳು, ಗುಡಿಯ ಪೂಜೆಯು ನಿಂತೀತು. ಈ ಅಂಜಿಕೆಯಿಂದ ಇಲಿ ಬಿದ್ದ ಮನೆಯಲ್ಲಿಯೇ ದಿನಗಳನ್ನು ನೂಕಿದವರೂ ಉಂಟು. ಲಿಂಗವಂತನಿಗೆ ಈ ಕಟ್ಟು ಇರಲಿಲ್ಲವೆಂಬುದನ್ನು ಇತಿಹಾಸವನ್ನು ಬರೆದವರು ಅಷ್ಟಾಗಿ ಗಮನಿಸಿಲ್ಲ. ಅವನ ದೇವರು ಅವನ ಎದೆಯ ಮೇಲೆಯೇ ಇರುವನು. ಗುಡಿಸಲಿನ ಮುಂದೆ ಮಿಂದು, ವಿಭೂತಿ ಧರಿಸಿ, ಕರಸ್ಥಲದಲ್ಲಿ ಇಷ್ಟಲಿಂಗವನ್ನಿಟ್ಟು ದೃಷ್ಟಿ ನೆಟ್ಟು ಕುಳಿತರೆ, ಅಲ್ಲಿ ಕುಂದಿದ್ದು ಏನೂ ಇಲ್ಲ. ಊರು ಬಿಟ್ಟರೂ ನಿತ್ಯನೇಮವು ತಪ್ಪಲಿಲ್ಲ. ಹನ್ನೆರಡನೆಯ ಶತಮಾನದ ಶರಣರು ಸ್ಥಾವರವನ್ನು ಹಿಂದಿಕ್ಕಿ ಅಂಗದ ಮೇಲಣ ಲಿಂಗವನ್ನು ಮುಂದಿಟ್ಟಾಗ ಪ್ಲೇಗನ್ನು ನೆನೆದಿರಲಾರರು. ಆದರೂ ಆ ಸಂಕಟದಲ್ಲಿ ಅವರ ಮಾರ್ಗವು ಭಕ್ತನ ಕಾಲಿನ ಕಟ್ಟನ್ನು ಬಿಚ್ಚಿತು. ಹೊತ್ತು ಹೊತ್ತಿಗೆ ಸ್ನಾನ, ಪೂಜೆ, ಬಿಸಿರೊಟ್ಟಿ, ಕಾಯಕ. ನಿನ್ನೆ ಇದ್ದ ಒಬ್ಬನು ಇಂದು ಇಲ್ಲದಿರುವಾಗ ಮನಸ್ಸನ್ನು ನೆಲೆಗೊಳಿಸಿದ್ದು ಇಂಥ ಕ್ರಮವೇ. ಇಲ್ಲಿ ಬೇನೆಯ ಹಂಗಾಮು ಹೆಚ್ಚಾಗಿ ಚಳಿಗಾಲದ ಸುತ್ತಮುತ್ತ, ಹಿಂಗಾರಿ ಜೋಳವು ಬೆಳೆದು ನಿಲ್ಲುವ ಕಾಲ. ಹೊಲದಲ್ಲಿ ಕೈಗೆ ಕೆಲಸವಿತ್ತು, ಮೈಗೆ ಬಿಸಿಲೂ ಗಾಳಿಯೂ ಇದ್ದವು. ಬೇಸಿಗೆಯ ಝಳಕ್ಕೆ ಚಿಗಟಗಳು ಸಾಯುವವು, ಬೇನೆಯು ಇಳಿಯುವದು. ಆಗ ಮನೆಗಳನ್ನು ತೆರೆದು, ಸುಣ್ಣ ಬಳಿದು, ಒಳಹೊಕ್ಕರು.

ಇಂಥ ವರುಷಗಳಲ್ಲಿಯೇ, 1904ರಲ್ಲಿ, ಫ. ಗು. ಹಳಕಟ್ಟಿಯವರು ವಕೀಲಿಗಾಗಿ ವಿಜಾಪುರಕ್ಕೆ ಬಂದರು. ಅವರ ವಚನಶಾಸ್ತ್ರಸಾರದ ಮೊದಲನೆಯ ಭಾಗವು 1923ರಲ್ಲಿ ಹೊರಬಿದ್ದಿತು. ನಡುವೆ 1918ರ ಇನ್‌ಫ್ಲುಯೆಂಜವು ಬಂದು ಹೋಗಿತ್ತು.

ಆ ಬೇನೆಯ ಬಗೆಯೇ ಬೇರೆ. ಅದು ಉಸಿರಿನಿಂದ ಉಸಿರಿಗೆ ಹಾರುವದು. ಇಲಿಯ ಮುನ್ಸೂಚನೆಯಿಲ್ಲ, ಹೊಲಕ್ಕೆ ಹೋದರೂ ಜೊತೆಗೆ ಬರುವದು. ಮುಂಬಯಿಯಲ್ಲಿ ಜೂನದಲ್ಲಿ ತೋರಿ, ಮಳೆ ಕೈಕೊಟ್ಟ ಆ ವರುಷದ ಸಪ್ಟಂಬರ-ಅಕ್ಟೋಬರಗಳಲ್ಲಿ ಉಗ್ರವಾಗಿ, ಹಿಂದುಸ್ಥಾನದಲ್ಲಿ 1 ಕೋಟಿ 20 ಲಕ್ಷಕ್ಕಿಂತ ಹೆಚ್ಚು ಜನರನ್ನು ಒಯ್ದಿತು. ಹರೆಯದವರೇ ಹೆಚ್ಚು ಸತ್ತರು. ಇಡಿಯ ಮನೆಯೇ ಮಲಗಿದಾಗ ನೀರು ಕೊಡುವವರಿಲ್ಲದೆ ಅಳಿದವರೂ ಇದ್ದರು. ಅಲ್ಲಿ ಮದ್ದಿಗಿಂತ ಹೆಚ್ಚು ಕೆಲಸ ಮಾಡಿದ್ದು ಒಂದು ಬಟ್ಟಲು ಗಂಜಿ, ಒಂದು ತಂಬಿಗೆ ನೀರು. ಅದನ್ನು ಹಿಡಿದು ನೆರೆಮನೆಯ ಹೊಸ್ತಿಲನ್ನು ದಾಟುವವನು ತನ್ನ ಜೀವವನ್ನು ಪಣವಾಗಿಟ್ಟೇ ದಾಟಬೇಕಾಗಿತ್ತು. ದಾಸೋಹವೆಂಬ ಶಬ್ದಕ್ಕೆ ಅಷ್ಟು ಬೆಲೆಯನ್ನು ತೆರಬೇಕಾದ ಕಾಲವು ಮತ್ತೊಂದು ಇರಲಾರದು.

ನೂರೆರಡು ವರುಷಗಳ ತರುವಾಯ, 2020ರ ಮಾರ್ಚದಲ್ಲಿ, ಕೊರೋನ ಬೇನೆಯಿಂದ ದೇಶದಲ್ಲಿ ಮೊದಲನೆಯ ಸಾವು ನೆರೆಯ ಕಲಬುರಗಿಯಲ್ಲಿ ಆಯಿತು. ಆ ತಿಂಗಳ ಕೊನೆಯಿಂದ ಜೂನದ ಮೊದಲ ವಾರದವರೆಗೆ ಗುಡಿಗಳೂ ಮಠಗಳೂ ಭಕ್ತರಿಗೆ ಬಾಗಿಲು ಮುಚ್ಚಿದವು. ಪುಣೆ, ಮುಂಬಯಿ, ಗೋವೆಗಳಿಂದ ದುಡಿಯುವ ಜನರು ಊರಿಗೆ ಮರಳಿದರು. ಅಷ್ಟರೊಳಗೆ ತಾಲೂಕಿನ ಸ್ಥಳಗಳಾಗಿದ್ದ ಟಿಕೋಟೆ-ಬಬಲೇಶ್ವರಗಳ ಸುತ್ತ ಹಳೆಯ ಜೋಳದ ಹೊಲಗಳು ಎಷ್ಟೋ ಕಡೆ ದ್ರಾಕ್ಷಿಯ ತೋಟಗಳಾಗಿದ್ದವು. ಕಣಿಕೆಯ ಗುಡಿಸಲಿನ ಸ್ಥಳದಲ್ಲಿ ತೋಟದ ವಸ್ತಿಗಳು ಎದ್ದಿದ್ದವು. ವಸ್ತಿಯಿದ್ದವರಿಗೆ ದೂರವಿರುವದಕ್ಕೆ ತಾಣವನ್ನು ಹುಡುಕಬೇಕಾಗಲಿಲ್ಲ.