ಕೊಟ್ಟು ತಂದು ಕಟ್ಟಿದ ರಂಗಭೂಮಿ

ಈಚಿನ ವಿಚಾರಸಂಕಿರಣಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿದೆ: ತಂಡಗಳ ಕಾಲ ಮುಗಿಯಿತು, ಇನ್ನೇನಿದ್ದರೂ ಸ್ವತಂತ್ರ ನಿರ್ದೇಶಕರ ಕಾಲ. ಯಾವ ತಂಡದ ಹಂಗೂ ಇಲ್ಲದೆ, ನಾಟಕದಿಂದ ನಾಟಕಕ್ಕೆ ಬೇರೆ ಬೇರೆ ನಟರನ್ನು ಕೂಡಿಸಿಕೊಂಡು, ತಮ್ಮ ಕಲ್ಪನೆಯೊಂದನ್ನೇ ನೆಚ್ಚಿ ದುಡಿಯುವವರೇ ಹೊಸ ನಿರ್ದೇಶಕರು ಎಂಬ ಚಿತ್ರ ಅದು. ಮೂವತ್ತೈದು ವರ್ಷ ಹಾಗೆಯೇ ಊರೂರು ಸುತ್ತಿ ನಾಟಕ ಮಾಡಿಸಿದ ನನಗೆ ಈ ಚಿತ್ರ ಒಪ್ಪಿಗೆಯಿಲ್ಲ. ನಮ್ಮಲ್ಲಿ ಒಬ್ಬ ನಿರ್ದೇಶಕನೂ ಒಂಟಿಯಾಗಿ ನಾಟಕ ಕಟ್ಟಿಲ್ಲ. ಪ್ರತಿಯೊಬ್ಬರ ಹಿಂದೆಯೂ ಎರವಲು ಕೊಟ್ಟವರ ಒಂದು ಸಾಲಿದೆ. ನಮ್ಮ ರಂಗ ಇತಿಹಾಸಗಳಲ್ಲಿ ನಾಟಕದ ಹೆಸರು, ನಿರ್ದೇಶಕರ ಹೆಸರು, ವರ್ಷ ಸಿಗುತ್ತವೆ. ಬೆಳಕು ಏರಿಳಿಸುವ ಡಿಮ್ಮರ್ ಯಾರದು, ತಾಲೀಮಿಗೆ ಜಾಗ ಕೊಟ್ಟವರು ಯಾರು ಎಂಬುದು ಸಿಗುವುದಿಲ್ಲ.

ಕಂಪನಿ ನಾಟಕಗಳ ಕಾಲದಲ್ಲಿ ಎಲ್ಲವೂ ಮಾಲೀಕರ ಸ್ವತ್ತು. 1884ರಲ್ಲಿ ಶುರುವಾದ ಗುಬ್ಬಿ ಕಂಪನಿಯಲ್ಲಿ ಪರದೆ, ಪೋಷಾಕು, ನಟರು, ಅಡುಗೆಯವರು ಎಲ್ಲರೂ ಒಂದೇ ಸೂರಿನಡಿ ಇದ್ದರು. ಆದರೂ ಅಲ್ಲಿನ ಔದಾರ್ಯ ಕಂಪನಿಯ ಗೇಟಿಗೇ ನಿಲ್ಲಲಿಲ್ಲ. ಕಂಪನಿಗೆ ಬಂದು ಸೇರಿದ್ದ ಹುಡುಗ ಬಿ.ವಿ. ಕಾರಂತರನ್ನು ಕಾಶಿಗೆ ಕಳಿಸಿ ಓದಿಸಿದವರು ಗುಬ್ಬಿ ವೀರಣ್ಣನವರೇ. ಮುಂದಿನ ಹವ್ಯಾಸಿ ರಂಗಭೂಮಿ ಕಂಪನಿಗಳನ್ನು ಹಳಿಯುತ್ತಲೇ ಬೆಳೆಯಿತಾದರೂ ಅದರ ದೊಡ್ಡ ನಿರ್ದೇಶಕರೊಬ್ಬರು ಕಂಪನಿಯ ಅನ್ನ ಉಂಡವರೆಂಬುದನ್ನು ಮರೆಯಬಾರದು. 1909ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹವ್ಯಾಸಿ ಸಂಘ ಎಡಿಎ (ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್), ನಾಟಕಕಾರರಾದ ಕೈಲಾಸಂ, ಶ್ರೀರಂಗ, ಇವರದೆಲ್ಲ ಬೇರೆಯೇ ಕಥೆ. ಅಲ್ಲಿ ನಾಟಕ ಬಿಡುವಿನ ಹೊತ್ತಿನ ಕೆಲಸವಾಗಿತ್ತು, ಖರ್ಚು ಸದಸ್ಯರ ಜೇಬಿನದಾಗಿತ್ತು.

1972ರಲ್ಲಿ ಕಾರಂತರು ರವೀಂದ್ರ ಕಲಾಕ್ಷೇತ್ರದ ಬಯಲಿನಲ್ಲಿ ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ಗಳನ್ನು ಆಡಿಸಿದ್ದು ಎಲ್ಲರಿಗೂ ಗೊತ್ತು. ಆ ದಶಕದ ತಂಡಗಳ ಹೆಸರುಗಳೂ ಗೊತ್ತು: ಬೆನಕ, ನಟರಂಗ, ಸಮುದಾಯ, ಸ್ಪಂದನ. ಅವು ಒಂದರ ಜೊತೆ ಒಂದು ಪೈಪೋಟಿಗಿಳಿದಿದ್ದವು ನಿಜ, ಆದರೆ ನಟರು ಒಂದರಿಂದ ಇನ್ನೊಂದಕ್ಕೆ ಸಲೀಸಾಗಿ ಹೋಗಿಬರುತ್ತಿದ್ದರು. ವಿ. ರಾಮಮೂರ್ತಿಯವರಂಥ ಬೆಳಕಿನ ವಿನ್ಯಾಸಕಾರರು ಯಾವುದೇ ಒಂದು ತಂಡದ ಆಸ್ತಿಯಾಗಿರಲಿಲ್ಲ. 1979ರ ಸಮುದಾಯದ ಜಾಥಾ ಬೀದಿನಾಟಕಗಳನ್ನು ಹಳ್ಳಿಗಳಿಗೆ ಒಯ್ದಾಗ ಊಟ, ವಸತಿ, ಜನ ಸೇರಿಸುವ ಕೆಲಸವನ್ನೆಲ್ಲ ಸ್ಥಳೀಯರು ಹೊತ್ತರು. ನಾಟಕದ ಬಳಗವೆಂದರೆ ನಾಟಕ ಆಡುವವರಿಗಿಂತ ದೊಡ್ಡದು ಎಂಬ ತಿಳಿವಳಿಕೆ ಅಲ್ಲಿಂದ ಬಂತು.

ಆದರೆ ಸ್ವತಂತ್ರ ನಿರ್ದೇಶಕ ಎಂಬ ವೃತ್ತಿ ನಿಜಕ್ಕೂ ಹುಟ್ಟಿದ್ದು ಹೆಗ್ಗೋಡಿನಲ್ಲಿ. ಅಲ್ಲಿನ ನೀನಾಸಂ ಸಂಸ್ಥೆಯ ರಂಗಶಿಕ್ಷಣ ಕೇಂದ್ರ 1980ರಲ್ಲಿ ಆರಂಭವಾಯಿತು. ವರ್ಷವರ್ಷವೂ ಒಂದಷ್ಟು ಹುಡುಗ ಹುಡುಗಿಯರು ಅಲ್ಲಿಂದ ತಮ್ಮ ಜಿಲ್ಲೆಗಳಿಗೆ ಮರಳಿದರು. ಅವರಿಗೆ ತಂಡ ಇರಲಿಲ್ಲ, ಸಂಬಳ ಇರಲಿಲ್ಲ. ಇದ್ದದ್ದು ಕಲಿತ ವಿದ್ಯೆ ಮತ್ತು ಜೊತೆಗೆ ಕಲಿತವರ ವಿಳಾಸಗಳು. 1983ರಿಂದ 85ರವರೆಗೆ ನಡೆದ ನೀನಾಸಂನ ಜನಸ್ಪಂದನ ಯೋಜನೆಯ ಶಿಬಿರಗಳು ಹಳ್ಳಿಗಳಲ್ಲಿ ನಾಟಕದ ಗುಂಪುಗಳನ್ನು ಎಬ್ಬಿಸಿದ್ದವು. 1985ರಲ್ಲಿ ಹೊರಟ ಅದರ ಸಂಚಾರಿ ತಂಡ ‘ತಿರುಗಾಟ’ ಊರೂರಿನ ಸಂಘಟಕರನ್ನು ಒಂದೇ ದಾರದಲ್ಲಿ ಪೋಣಿಸಿತು. ನೀನಾಸಂ ಕಟ್ಟಿದ ಕೆ.ವಿ. ಸುಬ್ಬಣ್ಣನವರ ಅಕ್ಷರ ಪ್ರಕಾಶನ ನಾಟಕದ ಪುಸ್ತಕಗಳನ್ನು ನಮ್ಮ ಕೈಗೆಟುಕುವ ಬೆಲೆಗೆ ಕೊಟ್ಟಿತು. ಪಠ್ಯ, ಪ್ರೇಕ್ಷಕ, ಊರಿನ ಸಂಪರ್ಕ ಈ ಮೂರೂ ಇಲ್ಲದಿದ್ದರೆ ನಮ್ಮ ತಲೆಮಾರಿನ ಬಹುಪಾಲು ನಿರ್ದೇಶಕರು ಎರಡನೆಯ ನಾಟಕಕ್ಕೆ ಕೈಹಾಕುತ್ತಿರಲಿಲ್ಲ.

ನಾವು ಕೆಲಸ ಮಾಡುತ್ತಿದ್ದ ಬಗೆಯನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಎಲ್ಲೂ ದಾಖಲಾಗಿಲ್ಲ. ಒಂದು ಊರಿನ ಯುವಕ ಸಂಘವೋ ಕಾಲೇಜೋ ಕಾರ್ಡು ಬರೆಯುತ್ತಿತ್ತು. ಇಪ್ಪತ್ತು ಇಪ್ಪತ್ತೈದು ದಿನದ ಶಿಬಿರ, ಕೊನೆಗೊಂದು ಪ್ರದರ್ಶನ. ಬಸ್ಸಿನ ಖರ್ಚು, ಯಾರದಾದರೂ ಮೇಷ್ಟರ ಮನೆಯಲ್ಲಿ ಊಟ, ಕಡೆಯ ದಿನ ಕವರಿನಲ್ಲಿಟ್ಟಷ್ಟು ಸಂಭಾವನೆ. ಸಂಗೀತಕ್ಕೆ ಹಾರ್ಮೋನಿಯಂ ಬಲ್ಲ ಗೆಳೆಯನೊಬ್ಬ ಪಕ್ಕದ ತಾಲ್ಲೂಕಿನಿಂದ ನಾಲ್ಕು ದಿನ ಬಂದು ಹಾಡು ಕೂರಿಸಿ ಹೋಗುತ್ತಿದ್ದ. ಅವನ ಶಿಬಿರಕ್ಕೆ ನಾನು ಹೋಗಿ ಪ್ರಸಾಧನ ಮಾಡಿಕೊಡುತ್ತಿದ್ದೆ. ಲೈಟುಗಳು ಕಬ್ಬಿಣದ ಪೆಟ್ಟಿಗೆಯಲ್ಲಿ ಬಸ್ಸಿನ ಟಾಪಿನ ಮೇಲೆ ಪ್ರಯಾಣ ಮಾಡುತ್ತಿದ್ದವು. ಕಂಡಕ್ಟರಿಗೆ ಹೇಳಿದರೆ ಸಾಕು, ಮುಂದಿನ ಊರಿನ ನಿಲ್ದಾಣದಲ್ಲಿ ಇಳಿಸಿಕೊಳ್ಳಲು ಯಾರಾದರೂ ನಿಂತಿರುತ್ತಿದ್ದರು.

ಇದಕ್ಕೆಲ್ಲ ಬರೆಯದ ಕಟ್ಟಳೆಗಳಿದ್ದವು. ಪೋಷಾಕನ್ನು ಒಗೆದು, ಹರಿದಿದ್ದರೆ ಹೊಲಿದು ವಾಪಸು ಕೊಡಬೇಕು. ಬಲ್ಬು ಸುಟ್ಟರೆ ಹೊಸದು ಹಾಕಿಸಿ ಕಳಿಸಬೇಕು. ಗೆಳೆಯ ಮಾಡಿಸಿದ ನಾಟಕವನ್ನು ಅದೇ ಊರಿನಲ್ಲಿ ಅದೇ ವರ್ಷ ಎತ್ತಿಕೊಳ್ಳಬಾರದು. ಸಂಭಾವನೆ ಕೊಡದೆ ಕೈಯೆತ್ತುವ ಸಂಘಟಕರ ವಿಷಯ ಎಲ್ಲರಿಗೂ ಮುಟ್ಟಿಸಬೇಕು. ನನಗೊಮ್ಮೆ ಹಾಗಾಯಿತು. ಪ್ರದರ್ಶನ ಮುಗಿದ ರಾತ್ರಿ ಸಂಘಟಕರು ಕಾಣಿಸಲೇ ಇಲ್ಲ, ಬಾಡಿಗೆ ಪರದೆಯವರು ನನ್ನನ್ನು ಹಿಡಿದುಕೊಂಡರು. ಆ ಹಣ ಕಟ್ಟಿದ್ದು ಪಕ್ಕದ ಊರಿನಲ್ಲಿ ಶಿಬಿರ ನಡೆಸುತ್ತಿದ್ದ ಸಹಪಾಠಿ. ಆತ ತನಗೆ ಬರಬೇಕಿದ್ದ ಸಂಭಾವನೆಯನ್ನು ಮುಂಗಡ ಕೇಳಿ ತಂದಿದ್ದನೆಂದು ನನಗೆ ತಿಳಿದದ್ದು ಎಷ್ಟೋ ದಿನದ ಮೇಲೆ.

ಈ ಬಳಗವನ್ನು ಹೊಗಳುವಾಗ ಅದರ ಕೊರತೆಯನ್ನೂ ಹೇಳಬೇಕು. ಅದು ಬಹುಮಟ್ಟಿಗೆ ಗಂಡಸರ ಬಳಗವಾಗಿತ್ತು. ರಾತ್ರಿ ಬಸ್ಸು, ಅಪರಿಚಿತರ ಮನೆಯ ವಾಸ್ತವ್ಯ, ಶಾಲೆಯ ಕೊಠಡಿಯಲ್ಲಿ ಮಲಗುವ ಶಿಬಿರ ಇವುಗಳ ಮೇಲೆ ನಿಂತ ವ್ಯವಸ್ಥೆಯಲ್ಲಿ ನಮ್ಮ ಜೊತೆಗೇ ಕಲಿತ ಹೆಣ್ಣುಮಕ್ಕಳು ಎಷ್ಟು ದಿನ ಉಳಿಯಲು ಸಾಧ್ಯವಿತ್ತು? ನಾವು ಯಾರೂ ಕೇಳಿಕೊಳ್ಳಲಿಲ್ಲ. ಪ್ರೇಮಾ ಕಾರಂತ, ಬಿ. ಜಯಶ್ರೀ, ಎಸ್. ಮಾಲತಿ, ಎನ್. ಮಂಗಳಾ ಅವರಂಥ ನಿರ್ದೇಶಕಿಯರು ತಮ್ಮ ತಮ್ಮ ದಾರಿಯನ್ನು ತಾವೇ ಮಾಡಿಕೊಂಡರು. ಹಾಗೆಯೇ ನಮ್ಮ ಕಾರ್ಡುಗಳು ಮಲೆನಾಡು, ಕರಾವಳಿ, ಹಳೆ ಮೈಸೂರಿನ ನಡುವೆ ಓಡಾಡಿದಷ್ಟು ಬೀದರ್, ರಾಯಚೂರಿನ ಕಡೆ ಓಡಾಡಲಿಲ್ಲ. ಕೋಟಿಗಾನಹಳ್ಳಿ ರಾಮಯ್ಯನವರು ಕೋಲಾರದ ಬೆಟ್ಟದ ಮೇಲೆ ಆದಿಮ ಸಾಂಸ್ಕೃತಿಕ ಕೇಂದ್ರವನ್ನು ಕಟ್ಟಿ, ಹುಣ್ಣಿಮೆ ರಾತ್ರಿಗಳಲ್ಲಿ ‘ಹುಣ್ಣಿಮೆ ಹಾಡು’ ಕಾರ್ಯಕ್ರಮ ನಡೆಸಿದಾಗ, ದಲಿತ ಹಿನ್ನೆಲೆಯ ಕಲಾವಿದರಿಗೆ ತಮ್ಮದೇ ಆದ ನೆಲೆ ಬೇಕಿತ್ತೆಂಬುದು ನಮಗೆ ತಡವಾಗಿ ಅರ್ಥವಾಯಿತು.

1989ರ ಮೈಸೂರಿನ ರಂಗಾಯಣ, 1997ರ ಸಾಣೇಹಳ್ಳಿಯ ಸಂಚಾರಿ ತಂಡ ಶಿವಸಂಚಾರ, 2004ರ ಬೆಂಗಳೂರಿನ ರಂಗಶಂಕರ ಇವು ಪ್ರತ್ಯೇಕ ಲೇಖನ ಬೇಡುವ ದೊಡ್ಡ ಕೆಲಸಗಳು. ನನ್ನ ವಿಷಯಕ್ಕೆ ಮುಖ್ಯವಾದದ್ದು ಇದೇ ಅವಧಿಯಲ್ಲಿ ಧನಸಹಾಯದ ಪದ್ಧತಿ ತಂದ ಬದಲಾವಣೆ. ಕೇಂದ್ರದ ರೆಪರ್ಟರಿ ಅನುದಾನವಾಗಲಿ, ರಾಜ್ಯದ ಸಂಸ್ಕೃತಿ ಇಲಾಖೆಯ ಸಹಾಯಧನವಾಗಲಿ ಕೇಳುವುದು ನೋಂದಾಯಿತ ಸಂಸ್ಥೆ, ಲೆಕ್ಕಪರಿಶೋಧನೆ, ಹಿಂದಿನ ವರ್ಷಗಳ ಚಟುವಟಿಕೆಯ ದಾಖಲೆ. ಸಾರ್ವಜನಿಕ ಹಣಕ್ಕೆ ಲೆಕ್ಕ ಬೇಕು, ತಪ್ಪಲ್ಲ. ಆದರೆ ಊರೂರು ಅಲೆದು ನಾಟಕ ಮಾಡಿಸುವವರಿಗೆ ಈ ಅರ್ಜಿಯಲ್ಲಿ ಜಾಗವೇ ಇರಲಿಲ್ಲ. ಹಾಗಾಗಿ ಒಬ್ಬೊಬ್ಬರೂ ಒಂದೊಂದು ಸಂಸ್ಥೆ ನೋಂದಾಯಿಸಿಕೊಂಡರು. ತಮ್ಮತಮ್ಮದೇ ಲೈಟು, ತಮ್ಮತಮ್ಮದೇ ಲೆವೆಲ್ಲುಗಳನ್ನು (ರಂಗದ ಮೇಲಿಡುವ ಎತ್ತರದ ಕಟ್ಟೆಗಳನ್ನು) ಮಾಡಿಸಿದರು. ಮೊದಲು ಗೆಳೆಯರಾಗಿದ್ದವರು ಒಂದೇ ಅನುದಾನಕ್ಕೆ ಎದುರುಬದುರಾದರು. ನಮ್ಮ ಕೊಡುಕೊಳ್ಳುವಿಕೆಯನ್ನು ಮುರಿದದ್ದು ಟಿವಿಯೆಂದು ಅನೇಕರು ಬರೆದಿದ್ದಾರೆ. ನನ್ನ ಅನುಭವದಲ್ಲಿ ಅದನ್ನು ಮುರಿದದ್ದು ಈ ಅರ್ಜಿ ನಮೂನೆ.

ಮತ್ತೆ ಕೂಡಿಸುವ ಪ್ರಯತ್ನಗಳು ಆಗಿಲ್ಲವೆಂದಲ್ಲ. 2008ರಲ್ಲಿ ದೇಶದ ನಾನಾ ಕಡೆಯ ರಂಗಕರ್ಮಿಗಳು ಹೆಗ್ಗೋಡಿನಲ್ಲಿ ಸೇರಿ ಮಾತಾಡಿದರು. ಇಂಡಿಯಾ ಥಿಯೇಟರ್ ಫೋರಂ, ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಮತ್ತು ಜುನೂನ್ ಜೊತೆಗೂಡಿ ‘ಸ್ಮಾರ್ಟ್’ ಎಂಬ ರಂಗ ನಿರ್ವಹಣೆಯ ತರಬೇತಿಯನ್ನು ರೂಪಿಸಿದವು. ತಂಡ ನಡೆಸುವುದನ್ನೂ ಕಲಿಸಬೇಕು ಎಂಬ ವಿಚಾರ ಅದರಿಂದ ಬಲಗೊಂಡಿತು. ಕನ್ನಡದಲ್ಲೇ, ಜಿಲ್ಲಾ ಕೇಂದ್ರಗಳಲ್ಲೇ ಅಂಥದ್ದು ನಡೆಯಬೇಕಾದ ಅಗತ್ಯ ಹಾಗೆಯೇ ಉಳಿದಿದೆ. 2020ರಲ್ಲಿ ರಂಗಮಂದಿರಗಳು ಮುಚ್ಚಿದಾಗ ನಾವು ಕೆಲವರು ಕಷ್ಟದಲ್ಲಿದ್ದ ನೇಪಥ್ಯದವರಿಗೆ ದಿನಸಿ ಮುಟ್ಟಿಸಲು ಹೊರಟೆವು. ಬೆಳಕು ನಡೆಸುವವರು, ಬಣ್ಣ ಹಚ್ಚುವವರು, ಸೆಟ್ ಹೊಡೆಯುವ ಬಡಗಿಗಳು ಯಾರು ಯಾರು, ಎಲ್ಲಿದ್ದಾರೆ ಎಂಬ ಒಂದು ಪಟ್ಟಿಯೂ ನಮ್ಮ ಬಳಿ ಇರಲಿಲ್ಲ. ದಶಕಗಟ್ಟಲೆ ಅವರ ಜೊತೆ ದುಡಿದಿದ್ದೆವು, ಅವರ ಊರಿನ ಹೆಸರು ಗೊತ್ತಿರಲಿಲ್ಲ.

ಇಂದಿನವರ ಬಗ್ಗೆ ನನಗೆ ಭರವಸೆಯಿದೆ. ಕೆ.ಪಿ. ಲಕ್ಷ್ಮಣ್ ಮತ್ತು ಜಂಗಮ ಕಲೆಕ್ಟಿವ್‌ನ ಗೆಳೆಯರ ‘ದಕ್ಲಕಥಾ ದೇವಿಕಾವ್ಯ’ದಂಥ ಪ್ರಯೋಗ ನೋಡಿದಾಗ ಒಬ್ಬರ ಹೆಸರಿಗಿಂತ ಕೂಡು ಕೆಲಸದ ಬಲ ಕಾಣುತ್ತದೆ. ಆದರೆ ಬೆಂಗಳೂರಿನಲ್ಲಿ ನಾಲ್ಕು ಪ್ರದರ್ಶನ ಮುಗಿದ ಮೇಲೆ ಸೆಟ್ಟು ಇಡಲು ಜಾಗವಿಲ್ಲದೆ ಗುಜರಿಗೆ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದೇ ವಾರ ಇನ್ನೊಬ್ಬರು ಅಂಥದೇ ಲೆವೆಲ್ಲುಗಳಿಗೆ ಸಾಲ ಮಾಡಿರುತ್ತಾರೆ. ವಾಟ್ಸಾಪ್ ಗುಂಪುಗಳಲ್ಲಿ ಪೋಸ್ಟರುಗಳು ಬರುತ್ತವೆ, ‘ನನ್ನ ಬಳಿ ಇದಿದೆ, ಒಯ್ಯಿರಿ’ ಎಂಬ ಸಾಲು ಬರುವುದಿಲ್ಲ. ಪ್ರತಿ ಜಿಲ್ಲಾ ರಂಗಮಂದಿರದಲ್ಲೂ ಬೀಗ ಹಾಕಿದ ಒಂದಾದರೂ ಕೋಣೆಯಿರುತ್ತದೆ. ಅದನ್ನು ಆ ಜಿಲ್ಲೆಯ ತಂಡಗಳಿಗೂ ತಂಡವಿಲ್ಲದ ನಿರ್ದೇಶಕರಿಗೂ ಸೇರಿದ ಉಗ್ರಾಣ ಮಾಡಿ, ಒಂದು ರಿಜಿಸ್ಟರ್ ಇಟ್ಟು, ಒಬ್ಬರಿಗೆ ಸಂಬಳ ಕೊಟ್ಟರೆ ಸಾಕು. ಇದಕ್ಕೆ ಹೊಸ ಕಟ್ಟಡ ಬೇಡ, ಹೊಸ ಅಕಾಡೆಮಿಯೂ ಬೇಡ.

ಅಲ್ಲಿಯವರೆಗೆ, ನನ್ನ ಮನೆಯ ಅಟ್ಟದ ಮೇಲೆ ಎಂಟು ಸ್ಪಾಟ್‌ಲೈಟುಗಳು, ಒಂದು ಹಳೆಯ ಡಿಮ್ಮರ್, ಎರಡು ಟ್ರಂಕಿನ ತುಂಬ ಪೋಷಾಕು ಇವೆ. ನಾಟಕ ಮಾಡಿಸುವವರು ಯಾರು ಬೇಕಾದರೂ ಬಂದು ಒಯ್ಯಬಹುದು.