ಬೆಂಗಳೂರು ನಾಗರತ್ನಮ್ಮ: ದಾನವೂ ದನಿಯೂ



1878ರಲ್ಲಿ ನಂಜನಗೂಡಿನಲ್ಲಿ ಜನಿಸಿದ ನಾಗರತ್ನಮ್ಮನವರು ದೇವದಾಸಿ ಕುಲದವರು; ಮದರಾಸಿನಲ್ಲಿ ನೆಲೆಸಿ ಗಾಯನದಿಂದಲೇ ಸಿರಿವಂತರಾದರು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿ ಪಾಳುಬಿದ್ದಿರುವುದನ್ನರಿತು, ತಮ್ಮ ಗಳಿಕೆಯನ್ನು ಸುರಿದು ಅಲ್ಲಿ ಗುಡಿಯನ್ನು ಕಟ್ಟಿಸಿದರು. 1925ರಲ್ಲಿ ಪ್ರತಿಷ್ಠೆ ನೆರವೇರಿತು.

ಆದರೆ ಗುಡಿ ಕಟ್ಟಿಸಿದವರಿಗೇ ಆರಾಧನೆಯಲ್ಲಿ ಹಾಡಲು ಅವಕಾಶವಿರಲಿಲ್ಲ. ಸ್ತ್ರೀಯರಿಗೆ ಅದು ನಿಷಿದ್ಧವಾಗಿತ್ತು. ಅವರು ಮುನಿಸಿಕೊಂಡು ಮರಳಲಿಲ್ಲ. ಗಾಯಕಿಯರನ್ನು ಕೂಡಿಸಿ ಅಲ್ಲಿಯೇ ಪ್ರತ್ಯೇಕ ಆರಾಧನೆಯನ್ನು ನಡೆಸಿದರು. 1940ರ ದಶಕದ ಆರಂಭದಲ್ಲಿ ಬಣಗಳು ಒಂದಾದವು. ಸ್ತ್ರೀಯರ ಕಂಠವೂ ಆ ವೇದಿಕೆಯನ್ನೇರಿತು.

ಕೊನೆಗೆ ಆಸ್ತಿಯನ್ನೂ ಆ ಸೇವೆಗೇ ಬರೆದಿಟ್ಟು, 1952ರಲ್ಲಿ ಅವರು ತೀರಿಕೊಂಡರು. ಇಂದಿಗೂ ಅವರ ಪ್ರತಿಮೆ ಸಮಾಧಿಗೆ ಅಭಿಮುಖವಾಗಿ ಕುಳಿತಿದೆ.

ದಾನವನ್ನು ಸ್ವೀಕರಿಸುವ ಸಮಾಜವು ದಾನಿಯ ದನಿಗೂ ಎಡೆಗೊಡಬೇಕು. ಪರದೇಶದಲ್ಲಿ ಸಂಘ ಕಟ್ಟುವ ನಾವು ನೆನೆಯಬೇಕಾದುದು ಇದನ್ನೇ.